ನಮ್ಮ ಥಿಯೇಟರಿನ ಮೊದಲ ಹೆಣ್ಣುಮಗಳು

ಹುಮನಾಬಾದಿನ ಆಸ್ಪತ್ರೆಯೊಂದಕ್ಕೆ ಸರ್ಜರಿ ಕಲಿಯಲು ಬಂದ ಮೊದಲ ಹೆಣ್ಣುಮಗಳು ನಾನು. ಮೊದಲಿಗರಾಗಿ ಎಲ್ಲಿ ಕಾಲಿಟ್ಟರೂ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಅತ್ತಿದ್ದು ಕಡಿಮೆ, ನಕ್ಕಿದ್ದೇ ಹೆಚ್ಚು. ಅದು ನನ್ನ ಪುಣ್ಯ.

ಹೊರಗೆ ಬಂದ ಚಹಾ

ಬಟ್ಟೆ ಬದಲಿಸಲು ಇದ್ದದ್ದು ಎರಡೇ ಕೋಣೆ: ಡಾಕ್ಟರರದೊಂದು, ನರ್ಸುಗಳದೊಂದು. ಡಾಕ್ಟರರೆಂದರೆ ಗಂಡಸರೇ ಎಂದು ಕಟ್ಟಿಸಿದವರು ತಿಳಿದಿದ್ದರು. ನಾನು ನರ್ಸುಗಳ ಕೋಣೆ ಸೇರಿದೆ. ಆದರೆ ಆಪರೇಷನ್ ಮುಗಿದ ಮೇಲೆ ಚಹಾ ಕುಡಿಯುತ್ತಾ, ಎಲ್ಲಿ ತಪ್ಪಾಯಿತು, ಯಾಕಾಯಿತು ಎಂಬ ನಿಜವಾದ ಪಾಠ ನಡೆಯುತ್ತಿದ್ದುದು ಗಂಡಸರ ಕೋಣೆಯಲ್ಲಿ. ಆ ಪಾಠ ನನಗೆ ತಪ್ಪುತ್ತಿದೆ ಎಂದು ನಮ್ಮ ದೊಡ್ಡ ಸರ್‌ಗೆ, ಅಂದರೆ ಮುಖ್ಯ ಸರ್ಜನ್‌ಗೆ, ಗೊತ್ತಾದ ದಿನವೇ ಕೆಟ್ಲಿ, ಕುರ್ಚಿ ಎಲ್ಲ ಕಾರಿಡಾರಿಗೆ ಬಂದವು. ಡಾಕ್ಟರರೆಲ್ಲ ಹೊರಗೆ ಕುಳಿತದ್ದನ್ನು ಕಂಡು, ಆಪರೇಷನ್ ಮುಗಿದು ಇನ್ನೂ ಒಳಗೇ ಮಲಗಿದ್ದ ರೋಗಿಯ ಹೆಂಡತಿ ಗಾಬರಿಯಾಗಿ ಓಡಿಬಂದಳು.

"ಎಲ್ಲಾರೂ ಹೊರಗ ಕುಂತೀರಲ್ರೀ, ನಮ್ಮ ಮನ್ಯಾಗಿನವರನ್ನ ಯಾರ್ ಕೊಯ್ಯಾಕತ್ತಾರ್ರೀ?"

ಎಡಗೈ

ನಾನು ಎಡಚಿ. ಬಸವಕಲ್ಯಾಣದಿಂದ ಬರುವ ನಮ್ಮ ಹಿರಿಯ ಸಿಸ್ಟರ್‌ಗೆ ಆಪರೇಷನ್ ಹೊತ್ತಿಗೆ ಡಾಕ್ಟರರ ಬಲಗೈಗೇ ಕತ್ತರಿ ಕೊಟ್ಟು ರೂಢಿ. ನನ್ನ ಸಲುವಾಗಿ, ಪಾಪ, ಮನೆಯಲ್ಲಿ ಗಂಡನ ಎಡಗೈಗೆ ಚಮಚ, ರೊಟ್ಟಿ ಕೊಟ್ಟು ಅಭ್ಯಾಸ ಮಾಡಿದರು. ಅಭ್ಯಾಸ ಎಷ್ಟು ಗಟ್ಟಿಯಾಯಿತೆಂದರೆ, ಒಂದು ದಿನ ದೊಡ್ಡ ಸರ್‌ಗೂ ಎಡಗೈಗೇ ಕೊಟ್ಟರು.

"ಸಿಸ್ಟರ್, ನಾ ಬಲಗೈಯಂವ" ಎಂದರು ಸರ್.

"ಇಷ್ಟ್ ದಿನ ಆ ಹುಡುಗಿ ಸುಧಾರಿಸ್ಕೊಂಡಾಳ್ರಿ. ಇವತ್ತೊಂದಿನ ನೀವ್ ಸುಧಾರಿಸ್ಕೋರಿ ಸರ್."

ಅಜ್ಜನ ವಿಚಾರಣೆ

ಮೊದಲ ಸಲ ಇಡೀ ಆಪರೇಷನ್ ನಾನೇ ಮಾಡಬೇಕಾದ ದಿನ. ಹರ್ನಿಯಾ. ರೋಗಿ ಕೊಹಿನೂರು ಎಂಬ ಹಳ್ಳಿಯ ಅಜ್ಜ. "ಅವರು ಒಪ್ಪಿದರೆ ನೀನು, ಇಲ್ಲದಿದ್ದರೆ ನಾನು" ಎಂದರು ಸರ್. ನನ್ನ ಮೇಲೆ ಅಷ್ಟು ಭರವಸೆ ಇಟ್ಟ ಅವರಿಗೆ ನಾನು ಇಂದಿಗೂ ಋಣಿ. ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಯಾರ್ ಮಗಳವ್ವಾ ನೀ?"

"ನಾರಾಯಣಪುರದಾಕಿರಿ ಅಜ್ಜಾ. ನಮ್ಮಪ್ಪ ಕುರಿ ಕಾಯ್ತಾನ್ರಿ. ಸರ್ ಬಾಜೂಕ ಇರ್ತಾರ್ರಿ, ಆದ್ರ ಪೂರಾ ನಾನೇ ಮಾಡೂದು ಇದೇ ಮೊದಲ್ರಿ."

"ಕುರಿಗಿ ಹೊಲಿಗಿ ಹಾಕೀಯೇನು?"

"ಮುಳ್ಳುತಂತಿಗಿ ಹರಕೊಂಡು ಬರ್ತಿದ್ವುರಿ. ಒಂದ್ ಇಪ್ಪತ್ತಕ್ಕಾದ್ರೂ ಹಾಕೇನ್ರಿ."

"ಎಷ್ಟ್ ಉಳದ್ವು?"

"ಎಲ್ಲಾ ಉಳದ್ವುರಿ. ಒಂದ್ ಮಾತ್ರ ಆಮ್ಯಾಲ ಹಬ್ಬಕ್ಕ ಹೋತ್ರಿ."

ಅಜ್ಜ ಸರ್ ಕಡೆ ತಿರುಗಿದ. "ಸಾಹೇಬ್ರ, ನೀವ್ ಎಷ್ಟ್ ಕುರಿಗಿ ಹಾಕೀರಿ?"

"ಒಂದಕ್ಕೂ ಇಲ್ಲ ಅಜ್ಜಾ."

ಅಜ್ಜ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ನನ್ನ ಕೈಗೆ ಕೊಟ್ಟ.

"ಹಂಗಾದ್ರ ನೀವ್ ಆಕಿ ಬಾಜೂಕ ನಿಂತು ಚಂದಂಗ ಕಲೀರಿ."