ಬಲಚಕ್ರದ ಮೇಲೆ ನನ್ನ ದಂಡಯಾತ್ರೆ

ಮನುಷ್ಯ ಮಾಡಿದ ಯಾವ ಯಂತ್ರವೇ ಆಗಲಿ, ನನ್ನ ಕೈಯಲ್ಲಿ ರಿಪೇರಿಯಾಗದೆ ಇರದು! ಇದು ನನ್ನ ಅಚಲ ನಂಬಿಕೆ. ಮನೆಯಲ್ಲಿ ಇದನ್ನು ನಂಬುವ ಏಕೈಕ ವ್ಯಕ್ತಿಯೂ ನಾನೇ.

ನಮ್ಮ ಹದಿನಾಲ್ಕು ವರ್ಷದ ಕಾರಿನ ಹಿಂದಿನ ಆಕ್ಸಲ್ಲು ಈಚೆಗೆ ಗುರುಗುಟ್ಟತೊಡಗಿತ್ತು. ನೇರ ಹೋದರೆ ಸಾಧು, ಎಡಕ್ಕೆ ಹೊರಳಿದರೆ ಮೌನಿ, ಬಲಕ್ಕೆ ತಿರುಗಿದರೆ ಮಾತ್ರ ಮೂಳೆ ಕಿತ್ತುಕೊಂಡ ನಾಯಿ! ಸೋಮವಾರ ಬೆಳಗ್ಗೆ ಅತ್ತೆಯನ್ನು ಮೊಣಕಾಲಿನ ಆಪರೇಷನ್ನಿಗೆ ಊರಾಚೆಯ ದೊಡ್ಡಾಸ್ಪತ್ರೆಗೆ ಇದೇ ಕಾರಿನಲ್ಲಿ ಕರೆದೊಯ್ಯಬೇಕು.

"ರೀ, ಮೆಕ್ಯಾನಿಕ್ಕಿಗೆ ತೋರಿಸಿ. ಇಲ್ದಿದ್ರೆ ನಾನು ಟ್ಯಾಕ್ಸಿ ಹೇಳ್ತೀನಿ," ಎಂದಳು ಹೆಂಡತಿ.

"ಟ್ಯಾಕ್ಸಿಯೇ? ನಾನು ಬದುಕಿರುವಾಗಲೇ? ಹೋಗಿರೋದು ಚಕ್ರದ ಬೇರಿಂಗು ಕಣೇ. ಬಲಕ್ಕೆ ತಿರುಗಿದ್ರೆ ಸದ್ದು. ಅಂದ್ಮೇಲೆ ತಪ್ಪಿತಸ್ಥ ಬಲಚಕ್ರ. ಶನಿವಾರ ಮಧ್ಯಾಹ್ನದೊಳಗೆ ನಾನೇ ಹೊಸದು ಹಾಕ್ತೀನಿ!"

ಕಾರಿನ ಹಿಂದಿನ ಸೀಟಿನ ಎಡಮೂಲೆ ಅತ್ತೆಯ ಖಾಯಂ ಸಿಂಹಾಸನ. ಅವರು ಸೋಫಾದಿಂದಲೇ ಬಾಯಿ ಹಾಕಿದರು: "ಅಳಿಯಂದ್ರೇ, ಅದು ನನ್ನ ಸೀಟಿನ ಕೆಳಗೇ ನಡುಗತ್ತೆ. ಎಡಗಡೆದೂ ಒಂದ್ಸಲ ನೋಡಿ."

"ಅತ್ತೆ, ಇದು ಯಂತ್ರದ ವಿಷಯ. ನೀವು ನಿಮ್ಮ ಮೊಣಕಾಲು ನೋಡ್ಕೊಳ್ಳಿ!"

ಈ ಮಾತನ್ನು ವಾಪಸು ತೆಗೆದುಕೊಳ್ಳುವ ಅವಕಾಶವಿದ್ದಿದ್ದರೆ!

ಶನಿವಾರ ಬೆಳಗ್ಗೆ ಏಳಕ್ಕೆ ದಂಡಯಾತ್ರೆ ಹೊರಟಿತು. ಜಾಕ್ ಕೊಡುವ ಮೊದಲು ಚಕ್ರದ ನಟ್ಟುಗಳನ್ನು ಸಡಿಲಿಸಲು ಹೋದೆ. ಜಪ್ಪಯ್ಯ ಎಂದರೂ ಕದಲಲಿಲ್ಲ. ಸ್ಪ್ಯಾನರಿನ ಮೇಲೆ ಎರಡೂ ಕಾಲಿಟ್ಟು ನಿಂತೆ. ನಟ್ಟು ತಿರುಗಲಿಲ್ಲ, ನಾನು ತಿರುಗಿ ಹೆಂಡತಿಯ ಗುಲಾಬಿ ಕುಂಡದ ಮೇಲೆ ಆಸೀನನಾದೆ. ಕುಂಡ ಒಡೆಯಿತು. ಮುಳ್ಳುಗಳು ಮಾತ್ರ ತಮ್ಮ ಕೆಲಸವನ್ನು ಚೆನ್ನಾಗಿ ಬಲ್ಲವು! ಆಮೇಲೆ ಬ್ರೇಕ್ ಡ್ರಮ್ಮು ಬಿಚ್ಚಿದಾಗ ಸ್ಪ್ರಿಂಗೊಂದು ಹಾರಿ, ಪಕ್ಕದ ಮನೆಯಾಕೆ ಒಣಹಾಕಿದ ಹಾಸಿಗೆ ಹೊದಿಕೆಯಲ್ಲಿ ಕಣ್ಮರೆಯಾಯಿತು. ಹುಡುಕಿ ತರುವಷ್ಟರಲ್ಲಿ ಹೊದಿಕೆಗೆ ನನ್ನ ಹತ್ತೂ ಬೆರಳಿನ ಗ್ರೀಸು ಮುದ್ರೆ ಬಿದ್ದಿತ್ತು.

ಸುತ್ತಿಗೆ ಏಟಿಗೆ ಬೀದಿಯ ಕಿಟಕಿಗಳೆಲ್ಲ ಮುಚ್ಚಿಕೊಂಡ ಮೇಲೆ ಹಳೆಯ ಬೇರಿಂಗು ಹೊರಬಂತು. ಬೆರಳಿನಲ್ಲಿ ತಿರುಗಿಸಿದರೆ ಬೆಣ್ಣೆಯಂತೆ ತಿರುಗಿತು! 'ನನ್ನ ಕೈಗೆ ಸಿಕ್ಕ ಭಯಕ್ಕೇ ಸರಿಹೋಗಿರಬೇಕು' ಎಂದುಕೊಂಡು ಹೊಸದನ್ನು ಜಡಿದೆ.

ಸಂಜೆ ಐದಕ್ಕೆ ವಿಜಯಯಾತ್ರೆ. ಪಕ್ಕದಲ್ಲಿ ಹೆಂಡತಿ, ಹಿಂದೆ ಅತ್ತೆ. ಮೊದಲ ಬಲತಿರುವು.

ಗುರ್ರ್ರ್!

ಮೊದಲಿಗಿಂತಲೂ ಜೋರು.

"ಅಳಿಯಂದ್ರೇ," ಎಂದರು ಅತ್ತೆ ಮೆಲ್ಲಗೆ, "ಇನ್ನೊಂದ್ಸಲ ಬಲಕ್ಕೆ ತಿರುಗಿಸಿ, ನಾನು ಯಾವ ಕಡೆ ವಾಲ್ತೀನಿ ಕನ್ನಡೀಲಿ ನೋಡಿ."

ತಿರುಗಿಸಿದೆ. ಅತ್ತೆ ಎಡಬಾಗಿಲಿಗೆ ಅಂಟಿಕೊಂಡಿದ್ದರು.

"ನೀವು ಬಲಕ್ಕೆ ತಿರುಗಿದ್ರೆ ಭಾರವೆಲ್ಲ ಎಡಕ್ಕೆ ಬೀಳತ್ತೆ. ಭಾರ ಹೊತ್ತವರು ತಾನೇ ನರಳೋದು? ನನ್ನ ಎಡ ಮೊಣಕಾಲೂ ಹೀಗೇ. ಅಡುಗೆಮನೆ ಬಾಗಿಲಲ್ಲಿ ಬಲಕ್ಕೆ ಹೊರಳಿದ್ರೆ ಕಿರುಚತ್ತೆ, ಎಡಕ್ಕೆ ಹೊರಳಿದ್ರೆ ತೆಪ್ಪಗಿರತ್ತೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಲ್ರೀ!" ಎಂದಳು ಹೆಂಡತಿ. "ನನ್ನ ಗುಲಾಬಿ ಬೇರೆ ಹೋಯ್ತು!"

ಭಾನುವಾರ ಬೆಳಗ್ಗೆ ಬಾಲ ಮುದುರಿಕೊಂಡು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ಕನನ್ನು ಎಲ್ಲರೂ ಗ್ರೀಸಣ್ಣ ಎನ್ನುತ್ತಾರೆ. ಅವನು ಎಡಚಕ್ರವನ್ನು ಮೇಲೆತ್ತಿ ಅಲ್ಲಾಡಿಸಿದ. ಅದು ಬೀಳಲಿರುವ ಹಲ್ಲಿನಂತೆ ಅಲ್ಲಾಡಿತು.

"ಸಾರ್, ನಾಳೆ ಇದ್ರಲ್ಲೇ ಹೊರಟಿದ್ರೆ ಚಕ್ರ ನಿಮಗಿಂತ ಮುಂಚೆ ಆಸ್ಪತ್ರೆ ಸೇರ್ತಿತ್ತು! ಎಡಗಡೆದು ಅಂತ ಕಂಡುಹಿಡಿದ ಪುಣ್ಯಾತ್ಮ ಯಾರು?"

"ನಮ್ಮತ್ತೆ," ಎಂದೆ.

ಗ್ರೀಸಣ್ಣ ಎಡದ್ದನ್ನು ಬದಲಿಸಿ, ಬಲದಲ್ಲಿ ನಾನು ತಲೆಕೆಳಗಾಗಿ ಸಿಕ್ಕಿಸಿದ್ದ ಸ್ಪ್ರಿಂಗನ್ನೂ ನೆಟ್ಟಗೆ ಮಾಡಿದ. ಮನೆಗೆ ಬಂದವನೇ ಅತ್ತೆಯ ಮುಂದೆ ನಿಂತೆ. "ಅತ್ತೆ, ನೀವು ನಮ್ಮೆಲ್ಲರ ಜೀವ ಉಳಿಸಿದ್ರಿ."

"ನಾನೆಲ್ಲಿ ಉಳಿಸಿದೆ? ಎಲ್ಲಾ ಈ ಮೊಣಕಾಲಿನ ಕೃಪೆ. ಏನಿದ್ರೂ ಅದಕ್ಕೇ ಹೇಳಿ."

ಮರುದಿನವೇ ನಿವೃತ್ತಿಯಾಗಲಿದ್ದ ಆ ಮೊಣಕಾಲಿಗೆ ನಾನು ಬಗ್ಗಿ, ಮನಸಾರೆ ಕೈಮುಗಿದೆ. ಜೀವನದಲ್ಲಿ ಅಷ್ಟು ಪ್ರಾಮಾಣಿಕವಾಗಿ ನಾನು ಯಾರಿಗೂ ಕೈಮುಗಿದದ್ದಿಲ್ಲ!

ಸೋಮವಾರ ದಾರಿಯುದ್ದಕ್ಕೂ ಒಂದು ಚೂರು ಸದ್ದಿಲ್ಲ. ಪ್ರತಿ ಬಲತಿರುವಿನಲ್ಲೂ ಅತ್ತೆ ಸೀಟಿನ ಮೇಲೆ ಅಂಗೈ ಇಟ್ಟು, "ಹೂಂ, ಹಾಯಾಗಿದೆ" ಎಂದು ಸರ್ಟಿಫಿಕೇಟು ಕೊಡುತ್ತಿದ್ದರು.

ಆಸ್ಪತ್ರೆಯಲ್ಲಿ ನರ್ಸ್ ಕಾಗದ ಹಿಡಿದು ಬಂದಳು. "ಯಾವ ಕಾಲಮ್ಮಾ?"

"ಎಡಗಾಲು. ದೊಡ್ಡದಾಗಿ ಗುರುತು ಹಾಕಮ್ಮ," ಎಂದ ಅತ್ತೆ, ನನ್ನತ್ತ ನೋಡಿ, ಇಡೀ ವಾರ್ಡಿಗೆ ಕೇಳಿಸುವಷ್ಟು ದನಿ ತಗ್ಗಿಸಿ ಮುಂದುವರಿಸಿದರು: "ಆಮೇಲೆ ನಮ್ಮ ಅಳಿಯಂದ್ರನ್ನ ಆಪರೇಷನ್ ರೂಮಿನ ಹತ್ರ ಬಿಡ್ಬೇಡ. ಚಿನ್ನದಂಥ ಮನುಷ್ಯ. ಆದ್ರೆ ಚೆನ್ನಾಗಿರೋದನ್ನೇ ಮೊದಲು ಬಿಚ್ಚೋದು!"