ಡೆಲ್ಮರನ ಗುರುವಾರಗಳು

ಬೆಳಿಗ್ಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುವಾಗ ಡೆಲ್ಮರನಿಗೆ ಒಂದೇ ಚಿಂತೆ: ಇವತ್ತು ಗೆದ್ದುಬಿಟ್ಟರೆ ಏನು ಗತಿ?

ಹೆಂಡತಿ ತೀರಿಕೊಂಡ ಮೇಲೆ ಒಂಬತ್ತು ವರ್ಷ ಅವನು ಬಾಯಿ ತುಂಬ ಮಾತಾಡಿದ್ದೆಲ್ಲ ಗುರುವಾರಗಳಲ್ಲೇ. ಅಂದು ವಿಲ್ಮಾಳ ಹೋಟೆಲಿನ ಹಿಂದಿನ ಕೋಣೆಯಲ್ಲಿ ಹದಿನಾಲ್ಕು ಬೈಕಿನವರು ಸೇರಿ, ಆಪಲ್ ಪೈ ತಿನ್ನುತ್ತ, ಹೆಲ್ಮೆಟ್ ಕಡ್ಡಾಯ ಮಾಡಿದ ಸರ್ಕಾರವನ್ನು ಬೈಯುತ್ತಿದ್ದರು. ಎಲ್ಲರ ಚರ್ಮದ ಕೋಟಿನ ಬೆನ್ನ ಮೇಲೂ ‘ನಮ್ಮ ತಲೆ, ನಮ್ಮಿಷ್ಟ’ ಎಂದಿತ್ತು. ಡೆಲ್ಮರನಿಗೆ ತಲೆಯ ಬಗ್ಗೆ ಅಂಥ ಹಟವಿರಲಿಲ್ಲ. ಅವನಿಗೆ ಬೇಕಿದ್ದದ್ದು ಆ ಮೇಜಿನ ಸುತ್ತ ಒಂದು ಕುರ್ಚಿ.

ಇವತ್ತು ರಾಜಧಾನಿಯಲ್ಲಿ ಆ ಕಾನೂನು ಇರಬೇಕೋ ಬೇಡವೋ ಎಂಬ ಮತದಾನ. ಅದಕ್ಕೆ ಮೊದಲು ಬೈಕಿನವರಲ್ಲಿ ಒಬ್ಬರಿಗೆ ಮೂರು ನಿಮಿಷ ಮಾತು. ಗುಂಪಿನ ಅಧ್ಯಕ್ಷ ರೋಸ್ಕೋನ ಗಂಟಲು ಕಟ್ಟಿದ್ದರಿಂದ ಆ ಭಾರ ಡೆಲ್ಮರನ ಮೇಲೆ ಬಿತ್ತು. ದಾರಿಯ ಮೆಕ್ಕೆಜೋಳದ ಹೊಲಗಳು ಮುಗಿಯುವಷ್ಟರಲ್ಲಿ ಅವನು ತೀರ್ಮಾನಿಸಿದ್ದ: ಗುರುವಾರಗಳು ಉಳಿಯಬೇಕಾದರೆ ಮಾತು ಕೆಡಿಸಿಬಿಡುವುದು. ತೊದಲಿದವನನ್ನು ದ್ರೋಹಿ ಎಂದು ಯಾರೂ ಅನ್ನುವುದಿಲ್ಲ.

ಶಾಸನಸಭೆಯ ಮೆಟ್ಟಿಲ ಬಳಿ ಪಟ್ಟಿಯ ಕೊಕ್ಕೆ ಸಿಕ್ಕಿಕೊಂಡು ಹೆಲ್ಮೆಟ್ ಕಳಚಲೇ ಇಲ್ಲ. ಇನ್ನೂ ಒಳ್ಳೆಯದೇ ಆಯಿತೆಂದು ಹಾಗೇ ಒಳಗೆ ಹೋದ. ಅವನ ಮಾತು ಮಡಕೆಯೊಳಗೆ ಬಿದ್ದ ದುಂಬಿಯಂತೆ ಗುಂಯ್‌ಗುಟ್ಟಿತು. ಹೆಲ್ಮೆಟ್ ತೆಗೆಯಬಾರದೇ ಎಂದು ಸಭಾಧ್ಯಕ್ಷೆ ಮೂರು ಸಲ ಕೇಳಿದಳು, ಮೂರು ಸಲವೂ ಅವನು “ಏನಂದ್ರಿ?” ಎಂದ. ಉಸಿರಿಗೆ ಮುಂದಿನ ಗಾಜು ಮಬ್ಬಾಗಿ, ಉಳಿದ ಭಾಷಣವನ್ನು ಸಭೆಯ ಮೂಲೆಯ ಬಾವುಟದ ಕಂಬಕ್ಕೆ ಮಾಡಿದ. ಇಬ್ಬರು ಜವಾನರು ಹಿಡಿದೆಳೆದರೂ ತಲೆ ಹೊರಗೆ ಬರಲಿಲ್ಲ. ಸಮಯ ಮುಗಿಯಿತು. ಡೆಲ್ಮರ್ ತೃಪ್ತಿಯಿಂದ ತನ್ನ ಜಾಗಕ್ಕೆ ಹಿಂದಿರುಗಿದ.

ಸಭಾಧ್ಯಕ್ಷೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಇದ್ರೊಳಗೆ ಕಣ್ಣೂ ಕಾಣಲ್ಲ, ಕಿವೀನೂ ಕೇಳಲ್ಲ ಅಂತ ಇಷ್ಟು ಚೆನ್ನಾಗಿ ಇದುವರೆಗೆ ಯಾರೂ ತೋರಿಸಿರ್ಲಿಲ್ಲ.”

ಎರಡು ಮತಗಳಿಂದ ಕಾನೂನು ಬಿತ್ತು.

ರೋಸ್ಕೋ ಚಾಕುವಿನಿಂದ ಪಟ್ಟಿ ಕತ್ತರಿಸಿ, ಡೆಲ್ಮರನನ್ನು ತಬ್ಬಿಕೊಂಡ. ಹದಿನಾಲ್ಕೂ ಜನ ಬರಿತಲೆಗೆ ಗಾಳಿ ಕುಡಿಸುತ್ತ ಊರಿಗೆ ಮರಳಿದರು. ಕವಲುದಾರಿಯಲ್ಲಿ ಡೆಲ್ಮರ್ ಗುರುವಾರದ ಸುದ್ದಿ ತೆಗೆದ.

“ಇನ್ಯಾಕೋ ಮಾರಾಯ? ಗೆದ್ದಾಯ್ತಲ್ಲ,” ಎಂದು ರೋಸ್ಕೋ ಕಟ್ಟಿದ ದನಿಯಲ್ಲೇ ಪಿಸುಗುಟ್ಟಿದ. ಒಬ್ಬೊಬ್ಬರೂ ಎಡಗೈಯನ್ನು ಸೊಂಟದ ಕೆಳಗೆ ಚಾಚಿ, ಬೈಕಿನವರ ರೀತಿಯಲ್ಲಿ ವಿದಾಯ ಹೇಳಿ ಹೊರಟುಹೋದರು.

ವಿಲ್ಮಾಳ ಹೋಟೆಲಿನ ಹಿಂದಿನ ಕೋಣೆ ಆಗಲೇ ಬೇರೆಯವರ ಪಾಲಾಗಿತ್ತು. ಕಾನೂನು ಮತ್ತೆ ಬರಬೇಕೆನ್ನುವವರು, ಸುದ್ದಿ ಕೇಳಿದೊಡನೆ, ಪ್ರತಿ ಗುರುವಾರಕ್ಕೆ ಹಿಡಿದಿದ್ದರಂತೆ. ಡೆಲ್ಮರನ ಮುಖ ಅರಳಿತು. ಅಲ್ಲಿಂದಲೇ ಅವರಿಗೆ ಫೋನು ಮಾಡಿ, ತನಗೂ ಒಂದು ಕುರ್ಚಿ ಇರಲಿ ಎಂದು ಕೇಳಿ ಹೆಸರು ಹೇಳಿದ.

ಆ ಕಡೆಯವರು ಹೆಸರನ್ನು ಇನ್ನೊಮ್ಮೆ ಕೇಳಿಕೊಂಡರು. “ಆ ಹೆಲ್ಮೆಟ್ ಭಾಷಣದವರು ನೀವೇನಾ?”

ಫೋನು ಕಟ್ಟಾಯಿತು. ವಿಲ್ಮಾ ಪೈ ತಂದಿಟ್ಟಳು. ಡೆಲ್ಮರ್ ಎದುರಿನ ಕುರ್ಚಿಯನ್ನು ಎಳೆದು, ಪಟ್ಟಿ ಕತ್ತರಿಸಿದ ಹೆಲ್ಮೆಟ್ಟನ್ನು ತನ್ನ ಕಡೆ ಮುಖ ಮಾಡಿ ಕೂರಿಸಿದ.