ಎರಡು ತಂಡ, ಒಂದು ಉತ್ತರ

ಈ ಭಾನುವಾರ ಪಬ್ಬಿನ ಕ್ವಿಜ್‌ನಲ್ಲಿ ತಾನಿರುವ ಹ್ಯಾಲಿಫ್ಯಾಕ್ಸ್ ಊರಿನವರ ಬಾಯಿಗೆ ಬೀಗ ಹಾಕಿಯೇ ಸಿದ್ಧ ಎಂದು ವಿಲ್ಫ್ ಆಕ್ರಾಯ್ಡ್ ಪಣ ತೊಟ್ಟಿದ್ದ. ನಿವೃತ್ತ ಬಸ್ ಡ್ರೈವರನಾದ ಅವನಿಗೆ ಪ್ರಶ್ನೆ ಕೇಳುವ ಪಟ್ಟ ಆ ತಿಂಗಳಷ್ಟೇ ಸಿಕ್ಕಿತ್ತು. ನಲವತ್ತು ವರ್ಷದ ಹಿಂದೆ ಊರನ್ನೇ ಎರಡು ಪಾಲು ಮಾಡಿದ, ಒಬ್ಬರ ಮುಖ ಒಬ್ಬರು ನೋಡದ ಹಾಡಿನ ತಂಡಗಳೆರಡು: ‘ಟಿನ್ ಸ್ಪ್ಯಾರೋಸ್’, ‘ಕಾಲ್ಡರ್ ಕಿಂಗ್ಸ್’. ಇವೆರಡಕ್ಕೂ ಸಮಾನವಾದದ್ದೇನು? ಇದು ವಿಲ್ಫನ ಬ್ರಹ್ಮಾಸ್ತ್ರ. ಎರಡೂ ತಂಡದ ಮುಖ್ಯ ಗಾಯಕರು ಒಂದೇ ಬಿಸ್ಕತ್ ಕಾರ್ಖಾನೆಯಲ್ಲಿ ಡಬ್ಬಿ ತುಂಬಿದವರು ಎಂಬುದು ಉತ್ತರ.

ಖಾತ್ರಿ ಮಾಡಿಕೊಳ್ಳಲು ಹಳೆಯ ರೆಕಾರ್ಡುಗಳನ್ನು ಹುಡುಕುತ್ತ ಭಾನುವಾರ ಮಧ್ಯಾಹ್ನ ಅಟ್ಟ ಹತ್ತಿದ. ತೊಲೆಯ ಮೇಲಿಡಬೇಕಾದ ಕಾಲನ್ನು ತೊಲೆಗಳ ನಡುವೆ ಇಟ್ಟ. ಕಾಲು ಕೆಳಗಿನ ಚಾವಣಿ ತೂರಿ ಬಚ್ಚಲುಮನೆಯಲ್ಲಿ ಪ್ರತ್ಯಕ್ಷವಾಯಿತು. ಅಲ್ಲಿ ಅವನ ಹೆಂಡತಿ ಮಾವಿಸ್, ವೃದ್ಧಾಶ್ರಮದ ಅಡುಗೆಮನೆಯಲ್ಲಿ ಬೆಳಗಿನಿಂದ ಬಗ್ಗಿದ್ದ ಸೊಂಟವನ್ನು ಬಿಸಿನೀರಿನ ತೊಟ್ಟಿಯಲ್ಲಿ ನೆನೆಹಾಕಿದ್ದಳು. ತಲೆತುಂಬ ಗಾರೆಯ ಪುಡಿ ಉದುರಿದರೂ ಕೂಗಲಿಲ್ಲ. ಇಪ್ಪತ್ತೆಂಟು ವರ್ಷದ ಸಂಸಾರ ಆ ಶಕ್ತಿಯನ್ನು ಎಂದೋ ಹೀರಿತ್ತು.

“ಏನು ಹುಡುಕ್ತಿದ್ದೀಯ, ವಿಲ್ಫ್?” ಎಂದು ಕಾಲನ್ನೇ ಕೇಳಿದಳು.

ಅವನು ಮೇಲಿನಿಂದಲೇ ಪ್ರಶ್ನೆಯನ್ನು ಸವಿಸ್ತಾರವಾಗಿ ಒಪ್ಪಿಸಿದ. ಅವಳು ತಲೆಯ ಗಾರೆ ಕೊಡವಿಕೊಂಡಳು.

“ಆ ಪ್ರಶ್ನೆ ಬಿಟ್ಬಿಡು.”

“ಯಾಕೆ, ಜನಕ್ಕೆ ಕಷ್ಟ ಆಗುತ್ತಾ?”

“ಕಷ್ಟ ಏನಿಲ್ಲ ಮಾರಾಯ.”

ಇವಳಿಗೆ ಸಂಗೀತದ ಗಂಧವೇ ಇಲ್ಲ ಎಂದುಕೊಂಡ ವಿಲ್ಫ್. ಪಕ್ಕದ ಮನೆಯವರು ಬಂದು ಅರ್ಧ ಗಂಟೆ ಹಲಗೆ ಕೊಯ್ದು ಅವನನ್ನು ಬಿಡಿಸಿದರು.

ನಾಲ್ಕು ಗಂಟೆಗೆ ಕುಂಟುತ್ತ ಪಬ್ಬಿಗೆ ಹೋಗಿ ಪ್ರಶ್ನೆ ಎಸೆದ. ಯಾರೂ ತಲೆ ಕೆರೆದುಕೊಳ್ಳಲಿಲ್ಲ. ಒಂಬತ್ತು ಮೇಜಿನಿಂದಲೂ ಚೀಟಿ ತಕ್ಷಣ ಬಂತು. ಒಂಬತ್ತರಲ್ಲೂ ಒಂದೇ ಉತ್ತರ: ಮಾವಿಸ್.

ಯಾರೋ ತಮಾಷೆ ಮಾಡುತ್ತಿದ್ದಾರೆಂದು ವಿಲ್ಫ್ ನಕ್ಕ. ಬೇರೆ ಯಾರೂ ನಗಲಿಲ್ಲ. ಪಬ್ಬಿನ ಒಡತಿ ಬ್ರೆಂಡಾ ಮೆಲ್ಲಗೆ ವಿಷಯ ತಿಳಿಸಿದಳು. ಇಬ್ಬರು ಗಾಯಕರೂ ತಮ್ಮನ್ನು ಮದುವೆಯಾಗು ಎಂದು ಮಾವಿಸಳನ್ನು ಗೋಗರೆದಿದ್ದರಂತೆ. ಇಬ್ಬರಿಗೂ ಒಲ್ಲೆ ಅಂದಳಂತೆ. ಒಂದೇ ವಾರದಲ್ಲಿ ಇಬ್ಬರೂ ಅವಳ ಮೇಲೆ ಅಳುವ ಹಾಡು ಕಟ್ಟಿದ್ದರಂತೆ. ತಂಡಗಳ ಹಗೆ ಹುಟ್ಟಿದ್ದೇ ಅಲ್ಲಿ. ವಿಲ್ಫ್ ಆಮೇಲೆ ಹಲ್ ಪಟ್ಟಣದಿಂದ ಬಂದವನು. ಅವನಿಗೂ ಗೊತ್ತಿರುತ್ತದೆಂದು ಊರೆಲ್ಲ ಸುಮ್ಮನಿತ್ತು. ಬಿಸ್ಕತ್ತಿನ ಸುದ್ದಿ ಅವನ ಗಂಟಲಲ್ಲೇ ಪುಡಿಯಾಯಿತು. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟ.

ಕುಂಟುತ್ತಿದ್ದವನನ್ನು ಮನೆಗೆ ಕರೆದೊಯ್ಯಲು ಮಾವಿಸ್ ಬಂದಿದ್ದಳು. ದಾರಿಯಲ್ಲಿ ತಡೆಯಲಾರದೆ, ಅಷ್ಟು ದೊಡ್ಡ ಗಾಯಕರನ್ನು ಬೇಡ ಅಂದದ್ದೇಕೆ ಎಂದು ಕೇಳಿದ.

“ಇಬ್ರೂ ಬರೀ ತಮ್ಮ ಸುದ್ದೀನೇ ಕೊರೀತಿದ್ರು,” ಅಂದಳು ಮಾವಿಸ್, ದಣಿದ ಹೆಜ್ಜೆ ಹಾಕುತ್ತ. “ನೀನಾದ್ರೆ ಆಗ ಬಾಯೇ ಬಿಡ್ತಿರಲಿಲ್ಲ.”